ನೇಕಾರ ಕಟ್ಟಿದ ನಾಲ್ಕು ಕಡ್ಡಿ

ಕಾರ್ತಿಕ ಮುಗಿಯುತ್ತ ಬಂದಿತ್ತು. ಹುನಗುಂದದ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಮೊಣಕಾಲಿಗೆ ಬಂದು, ಬೆಳಗಿನ ಥಂಡಿಗಾಳಿಗೆ ಒಂದೇ ಮಗ್ಗುಲಿಗೆ ವಾಲಿ ಏಳುತ್ತಿತ್ತು. ಬದುವಿನ ಮೇಲಿನ ಜಾಲಿಕಂಟಿ ಕಡಿಯುವ ಕಾಲವೂ ಅದೇ. ಕಡಿದ ಕಂಟಿಯನ್ನು ರಸ್ತೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ; ಎಳೆದಲ್ಲೆಲ್ಲ ಮುಳ್ಳು ಉದುರುತ್ತವೆ; ಮುಳ್ಳು ಉದುರಿದಲ್ಲೆಲ್ಲ ಶಾಲೆಯ ಹುಡುಗಿಯರ ಸೈಕಲ್ಲು ಪಂಕ್ಚರ್ ಆಗುತ್ತವೆ. ಬಸ್‌ಸ್ಟ್ಯಾಂಡಿನ ಹಿಂದಿನ ಅಂದಾನಪ್ಪನ ಸೈಕಲ್ ಅಂಗಡಿಗೆ ಸುಗ್ಗಿಯೆಂದು ಏನಾದರೂ ಇದ್ದರೆ ಅದು ಈ ಒಂದು ತಿಂಗಳು.

ಅಂದಾನಪ್ಪನ ಮಗಳು ಭುವನೇಶ್ವರಿ ಬೆಳಗಿನಿಂದ ಏಳನೆಯ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತ ಕುಳಿತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಮೊಣಕೈವರೆಗೆ ಮಸಿ. ಎದುರಿಗೆ ಯಾರದೋ ನೆರಳು ಬಿತ್ತು, ನೀರು ಕಪ್ಪಾಯಿತು.

"ಮಿಸ್ತ್ರಿ ಇಲ್ಲೇನ್ರಿ?"

"ಅದಾರ," ಎಂದಳು ತಲೆ ಎತ್ತದೆ.

"ಎಲ್ಲಿ ಹೋಗ್ಯಾರ್ರಿ?"

"ಎಲ್ಲೂ ಹೋಗಿಲ್ಲ. ನಿಮ್ಮ ಮುಂದ ಕುಂತಾರ. ಸ್ವಲ್ಪ ಆಚೆ ಸರೀರಿ, ಗುಳ್ಳಿ ಕಾಣವಲ್ದು."

ನೆರಳು ಗಡಬಡಿಸಿ ಸರಿಯಿತು. ಭುವನೇಶ್ವರಿ ಗುಳ್ಳೆ ಎದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಆಮೇಲೆ ತಲೆ ಎತ್ತಿ ನೋಡಿದಳು. ಮೂವತ್ತರ ಆಸುಪಾಸಿನ ಗಂಡಸು. ಇಸ್ತ್ರಿ ಮಾಡಿದ ಅಂಗಿ. ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿಕೊಂಡ ಹಾಗೆ, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಎದೆಗೆ ಹಿಡಿದುಕೊಂಡಿದ್ದ. ಕಿವಿ ಎರಡೂ ಕೆಂಪಾಗಿದ್ದವು.

"ತಪ್ಪಾತ್ರಿ ಅಕ್ಕಾರ..."

"ಅಕ್ಕಾರ ಯಾಕ್ರಿ? ನಿಮ್ಮ ಮೀಸಿ ನೋಡಿದ್ರ ನನಗಿಂತ ಮೂರ್ನಾಕು ವರ್ಷ ದೊಡ್ಡವರಿದ್ದಂಗ ಕಾಣ್ತೀರಿ."

"ಮತ್ತೇನಂತ ಕರೀಲ್ರಿ?"

"ಮಿಸ್ತ್ರಿ ಬೇಕಂತ ಬಂದೀರಿ. ಮಿಸ್ತ್ರಿ ಅನ್ರಿ."

"ಆತ್ರಿ ಮಿಸ್ತ್ರಿ," ಎಂದ ಅವನು, ನಗು ತಡೆದುಕೊಂಡು. ಗಂಟು ಬಿಚ್ಚಿದ.

ಒಳಗಿದ್ದುದು ಸೈಕಲ್ ಗಾಲಿಯ ನಡುವೆ ಕೂರುವ, ಎರಡು ಹಿಡಿ ಗಾತ್ರದ ಉಕ್ಕಿನ ಹಬ್. ಎರಡೂ ಅಂಚಿಗೆ ಗಾಲಿಯ ಕಡ್ಡಿ ಪೋಣಿಸುವ ತೂತುಗಳ ಸಾಲು. ನಡುವೆ ಎಣ್ಣೆ ಬಿಡಲು ಗುಂಡಿಯಷ್ಟು ಚಿಕ್ಕ ಮುಚ್ಚಳ. ಅಚ್ಚಿನ ಒಂದು ತುದಿಯಿಂದ ಇಲಿಯ ಬಾಲದಂಥ ಪುಟ್ಟ ಸರಪಳಿ ಹೊರಗೆ ಇಣುಕುತ್ತಿತ್ತು. ಅವಳು ಅಚ್ಚು ಹಿಡಿದು ತಿರುವಿದಳು. ಹಬ್ ಮೊದಲು ಮುನಿಸಿಕೊಂಡಂತೆ ಸುಮ್ಮನಿದ್ದು, ಆಮೇಲೆ ಟಿಕ್... ಟಿಕ್... ಎಂದಿತು.

ಬಿಸಿಲಿಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕುಳಿತಿದ್ದ ಅಂದಾನಪ್ಪ ಮಫ್ಲರಿನಿಂದ ಕಿವಿ ಬಿಡಿಸಿಕೊಂಡ. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ಮುಕ್ಕಾಲು ತಿಂದಿತ್ತು. ಮನುಷ್ಯರು ಅವನಿಗೆ ಬರಿಯ ಆಕಾರವಾಗಿ ಕಾಣುತ್ತಿದ್ದರು. ಕಿವಿ ಮಾತ್ರ ಹರೆಯದ್ದೇ ಇತ್ತು.

"ಯವ್ವಾ, ಅದೇನದು ಸಪ್ಪಳ? ತಾ ಇಲ್ಲಿ."

ಕೈಗೆ ಬಂದ ಹಬ್ಬನ್ನು ಅವನು ಕಿವಿಯ ಹತ್ತಿರ ಒಯ್ದು ತಿರುಗಿಸಿದ. ಮುಖ ಅರಳಿತು. "ಮೂರು ಗೇರಿಂದು! ಇಂಗ್ಲೆಂಡಿನ ಮಾಲು. ಇದು ಎಲ್ಲಿತ್ತೋ ತಮ್ಮಾ?"

"ನಮ್ಮ ಮಗ್ಗದಾಗ ಜೋತು ಬಿದ್ದಿತ್ರಿ."

ಅವನ ಹೆಸರು ನಾಗಲಿಂಗ. ಇಳಕಲ್ಲಿನ ನೇಕಾರ. ಅವನ ಅಜ್ಜ ಶಂಕರಲಿಂಗ ಮೂರು ಗೇರಿನ ಸೈಕಲ್ಲಿನ ಮೇಲೆ ಸೀರೆಯ ಗಂಟು ಕಟ್ಟಿಕೊಂಡು ಕೂಡಲಸಂಗಮ, ಐಹೊಳೆಯವರೆಗೆ ಮಾರಿ ಬರುತ್ತಿದ್ದನಂತೆ. ಒಂದು ದಿನ ಹಿಂದಿನ ಗಾಲಿ ಮುರಿಯಿತು. ಕಟ್ಟುವವರು ಸಿಗಲಿಲ್ಲ. ಸೈಕಲ್ಲು ಅಟ್ಟ ಹತ್ತಿತು. ಹಬ್ಬು ಭಾರವಾಗಿದ್ದುದರಿಂದ, ಹಾಸುನೂಲನ್ನು ಬಿಗಿಯಾಗಿ ಹಿಡಿಯಲು ಮಗ್ಗದ ಹಿಂದೆ ಹಗ್ಗಕ್ಕೆ ತೂಗುಹಾಕಿದರು. ಇಪ್ಪತ್ತು ವರ್ಷ ಅಲ್ಲೇ ತೂಗುತ್ತಿತ್ತು.

"ಈಗ ಯಾಕ ಬಿಚ್ಚಿದ್ರಿ?" ಎಂದಳು ಭುವನೇಶ್ವರಿ.

"ಮಗ್ಗದ ಕುಣ್ಯಾಗ ಕುಂತು ಕುಂತು ಸೊಂಟ ಹಿಡದೈತ್ರಿ. ಡಾಕ್ಟರು ದಿನಾ ಸೈಕಲ್ ಹೊಡಿ ಅಂದಾರ. ಮನ್ಯಾಗ ಸೈಕಲ್ ಐತಿ, ಹಿಂದಿನ ಗಾಲಿ ಇಲ್ಲ."

"ಮಗ್ಗಕ್ಕೇನು ಕಟ್ಟಿ ಬಂದ್ರಿ?"

"ಕಲ್ಲು."

"ಪಾಪ," ಎಂದಳು. ಪಾಪ ಅಂದದ್ದು ಮಗ್ಗಕ್ಕೋ ತನಗೋ ಎಂದು ನಾಗಲಿಂಗನಿಗೆ ತಿಳಿಯಲಿಲ್ಲ. ಎರಡೂ ಅವನಿಗೆ ಒಪ್ಪಿಗೆಯೇ ಇತ್ತು.

ಅಂದಾನಪ್ಪ ಹಬ್ಬನ್ನು ತೊಡೆಯ ಮೇಲೆ ಇಟ್ಟುಕೊಂಡು ಹಳೆಯ ಗೆಳೆಯನ ಬೆನ್ನು ಸವರಿದಂತೆ ಸವರಿದ. "ಇದರ ಗುಣ ಕೇಳೋ ತಮ್ಮಾ. ಒಂದನೇ ಗೇರಿನ್ಯಾಗ ತುಳದ್ರ ಸುಮ್ಮನ ಇರ್ತೈತಿ, ದಿಬ್ಬಾ ಹತ್ತಾಕ ಅದು. ಎರಡು, ಮೂರರಾಗ ಟಿಕ್ ಟಿಕ್ ಅಂತೈತಿ. ಕಣ್ಣು ಮುಚ್ಚಿ ಹೇಳಬಹುದು, ಮನಿಶ್ಯಾ ಯಾವ ಗೇರಿನ್ಯಾಗ ಹೊಂಟಾನ ಅಂತ. ನಾ ನನ್ನ ಆಯುಷ್ಯದಾಗ ಇಂಥಾ ಗಾಲಿ ಎರಡ ಕಟ್ಟೇನಿ. ಮೂರನೇದು ಆಗೂದಿಲ್ಲ ಬಿಡು. ಇನ್ನ ನಮ್ಮದು ಬರೇ ಪಂಕ್ಚರ್ ಅಂಗಡಿ. ಎಳ್ಳ ಅಮಾಸಿ ಮುಗದ ಮ್ಯಾಲ ಅದೂ ಇಲ್ಲ. ಯೂನುಸಗ ಕೊಡಾಕ ಒಪ್ಪೇನಿ."

ಪಕ್ಕದ ಮೊಬೈಲ್ ಅಂಗಡಿಯ ಯೂನುಸ ತನ್ನ ಹೆಸರು ಕೇಳಿ ಬಾಗಿಲಿಗೆ ಬಂದು, ತಪ್ಪು ಮಾಡಿದವನಂತೆ ನಕ್ಕು ಒಳಗೆ ಹೋದ. ಅವನು ಒಳ್ಳೆಯವನು. ನಡುವಿನ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಬೇಕೆಂಬ ಆಸೆಯಿತ್ತು, ಅಷ್ಟೆ.

ಆ ಮಾತು ಬಂದಾಗಲೆಲ್ಲ ಭುವನೇಶ್ವರಿಗೆ ಜಾಲಿಮುಳ್ಳು ತುಳಿದಂತಾಗುತ್ತಿತ್ತು. ಹತ್ತು ವರ್ಷದಿಂದ ಪಂಕ್ಚರು, ಬ್ರೇಕು, ಚೈನು ಎಲ್ಲ ಅವಳದೇ. ಗಾಲಿ ಕಟ್ಟುವುದನ್ನು ಮಾತ್ರ ಅಪ್ಪ ತನ್ನ ಬಳಿಯೇ ಇಟ್ಟುಕೊಂಡಿದ್ದ. ನೋಡಿ ಕಲಿತಿದ್ದಳು. ಮಾಡು ಎಂದು ಅವನು ಹೇಳಿರಲಿಲ್ಲ. ಮಾಡಲೇನು ಎಂದು ಅವಳೂ ಕೇಳಿರಲಿಲ್ಲ.

"ನಾ ಕಟ್ಟತೇನಿ," ಎಂದಳು.

ಅಂದಾನಪ್ಪ ಹಬ್ಬನ್ನು ಮಗಳ ಕಡೆ ಚಾಚಿದ. "ಕಟ್ಟು. ನಮ್ಮ ಅಂಗಡಿ ರೂಢಿ ಗೊತ್ತೈತಲ್ಲ? ಒಂದು ಗಾಲಿಗಿ ಒಂದ ಕೈ. ಒಬ್ಬೊಬ್ಬರ ತಿರುವು ಒಂದೊಂದು ನಮೂನಿ ಇರ್ತೈತಿ. ಎರಡು ಕೈ ಬಿದ್ರ ಕಡ್ಡಿಗೋಳು ಜಗಳಾಡ್ತಾವು. ನೀ ಒಬ್ಬಾಕಿನ ಕಟ್ಟಬೇಕು. ಎಳ್ಳಮಾಸಿ ಹಿಂದಿನ ದಿನ ನಾ ಕೇಳ್ತೇನಿ. ಸಪ್ಪಳ ಸರಿ ಇತ್ತು ಅಂದ್ರ ಅಂಗಡಿ ನಿಂದು. ಯೂನುಸಗ ನಾನ ಹೇಳ್ತೇನಿ."

*

ನಾಲ್ಕು ದಿನ ಬಿಟ್ಟು ನಾಗಲಿಂಗ ಬಂದಾಗ ಅವಳು ಹಬ್ ಬಿಚ್ಚುತ್ತಿದ್ದಳು. ಅವನು ಕರೆಯದಿದ್ದರೂ ಡಬ್ಬಿಯೊಂದನ್ನು ಮಗುಚಿ ಎದುರಿಗೆ ಕುಳಿತ.

ಅಚ್ಚಿನ ಸುತ್ತ ನೂಲು ಸುತ್ತಿಕೊಂಡು ಒಂದು ಗಂಟೇ ಆಗಿತ್ತು. ಅವಳು ಚಿಮಟಿಗೆಯಿಂದ ಒಂದೊಂದೇ ಎಳೆ ಬಿಡಿಸಿ ಕಾಗದದ ಮೇಲೆ ಇಟ್ಟಳು.

"ಈ ಕೆಂಪು ಯಾವಾಗಿಂದ್ರಿ?"

ಅವನು ಬಗ್ಗಿ ನೋಡಿದ. "ನಮ್ಮ ಸುನಂದಕ್ಕನ ಮದಿವಿ ಸೀರಿ ಸೆರಗಿಂದು."

"ಈ ನೀಲಿ?"

"ಕೊರೋನಾದಾಗ ನೇದದ್ದು. ಯಾರೂ ತಗೊಳ್ಳಲಿಲ್ಲ, ಎರಡು ವರ್ಷ ಪೆಟ್ಟಿಗ್ಯಾಗಿತ್ತು."

"ಇದು? ಹಸರು?"

ನಾಗಲಿಂಗ ನಕ್ಕ. "ಅದು ನಾ ಮೊದಲ ಸಲ ನೇದ ಸೀರಿದು. ಹದಿನಾಕು ವರ್ಷದಾಂವ ಇದ್ದೆ. ಪೂರಾ ಕೆಟ್ಟಿತ್ತು."

"ಕೆಟ್ಟದ್ದನ್ನ ಏನು ಮಾಡಿದ್ರಿ?"

"ಅವ್ವ ಇನ್ನೂ ಉಡತಾಳ. ಬ್ಯಾಡ ಅಂದ್ರೂ ಬಿಡವಲ್ಲಳು. ಸೀರ್ಯಾಗ ಮಗ ಎಲ್ಲಿ ಅತ್ತಾನ, ಎಲ್ಲಿ ನಿದ್ದಿಗಣ್ಣಿನ್ಯಾಗ ಇದ್ದ ಅಂತ ಬೆರಳಿಟ್ಟು ತೋರಸ್ತಾಳ."

ಭುವನೇಶ್ವರಿ ಹಸಿರು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಳೆಯ ಆಚೆಗೆ ಅವನ ಮುಖವಿತ್ತು. ಅವನೂ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ಹಬ್ಬಿನ ಕಡೆ ತಿರುಗಿದರು, ಅದು ಏನೋ ಹೇಳಿತೆನ್ನುವ ಹಾಗೆ.

ಒಳಗೆ ಕಪ್ಪು ಗ್ರೀಸಿನಡಿ ಪುಟ್ಟ ಪುಟ್ಟ ಹಲ್ಲಿನ ಗಾಲಿಗಳು ಒಂದೂ ಸವೆಯದೆ ಕುಳಿತಿದ್ದವು. ಅವಳು ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟಳು. ಬಿಚ್ಚಿದ ಸಾಲಿನಲ್ಲೇ ಹಿಂತಿರುಗಿ ಜೋಡಿಸಬೇಕು.

"ಕಲ್ಲು ಕಟ್ಟಿದ ಮ್ಯಾಲ ಮಗ್ಗ ಹೆಂಗೈತ್ರಿ?" ಎಂದು ಕೇಳಿದಳು.

"ಮುನಿಸಿಕೊಂಡೈತ್ರಿ. ಹಾಸು ಸಡಲ್ತೈತಿ."

"ಹಂಗಾರ ಲಗೂನ ಗಾಲಿ ಕಟ್ಟಿ ಕಳಸಬೇಕು ನಿಮ್ಮನ್ನ."

"ಏನು ಗಡಿಬಿಡಿ ಇಲ್ಲಬಿಡ್ರಿ ಮಿಸ್ತ್ರಿ," ಎಂದ ನಾಗಲಿಂಗ, ಬಹಳ ಬೇಗ.

*

ಗಡಿಬಿಡಿ ಮಾಡಬೇಕೆಂದರೂ ಆಗುತ್ತಿರಲಿಲ್ಲ. ಹಬ್ಬಿಗೆ ನಲವತ್ತು ತೂತು. ನಮ್ಮ ಸಾದಾ ಸೈಕಲ್ಲಿನ ಹಿಂದಿನ ರಿಮ್ಮಿಗೂ ನಲವತ್ತೇ. ಅದು ಹೊಂದಿತು. ಕಡ್ಡಿ ಮಾತ್ರ ಹೊಂದಲಿಲ್ಲ. ಈ ಹಬ್ಬಿನ ಅಂಚು ಅಗಲ, ಹಾಗಾಗಿ ಕಡ್ಡಿ ಒಂದು ಉಗುರಿನಷ್ಟು ಗಿಡ್ಡ ಬೇಕು. ಹುನಗುಂದದಲ್ಲಿ ಇರಲಿಲ್ಲ. ನಾಗಲಿಂಗ ಸೀರೆ ಕೊಡಲು ಬಾಗಲಕೋಟೆಗೆ ಹೋದವನು ಹಳೆಯ ಪೇಟೆಯ ಅಂಗಡಿಗಳನ್ನೆಲ್ಲ ಅಲೆದು, ವಿದ್ಯಾಗಿರಿಯ ಹತ್ತಿರ ಮುಚ್ಚಲಿದ್ದ ಸೈಕಲ್ ಅಂಗಡಿಯೊಂದರ ಅಟ್ಟದಿಂದ ಇಳಿಸಿಕೊಂಡು ತಂದ. ಹತ್ತು ಹತ್ತರ ನಾಲ್ಕು ಕಟ್ಟು. ಒಂದೊಂದು ಕಟ್ಟಿಗೂ ಕೆಂಪು ರೇಶಿಮೆಯ ಎಳೆ ಸುತ್ತಿ, ಬಿಡಿಸಲು ಬರುವಂಥ ಗಂಟು ಹಾಕಿದ್ದ.

"ಕಡ್ಡಿಗೆ ರೇಶಿಮಿ ಯಾಕ್ರಿ?" ಎಂದಳು.

"ಕೈಗೆ ಸಿಕ್ಕಿದ್ದು ಅದು."

"ರಬ್ಬರ್ ಬ್ಯಾಂಡ್ ಸಿಗಲಿಲ್ಲೇನು ಬಾಗಲಕೋಟ್ಯಾಗ?"

"ನಾಕು ಕಡ್ಡಿ ಹೆಚ್ಚಿಗಿ ತಂದೇನ್ರಿ," ಎಂದು ಅವನು ಮಾತು ತಿರುಗಿಸಿದ. "ಬೇಕಾಗಬಹುದು ಅಂತ."

"ನನ್ನ ಕೈ ಮ್ಯಾಲ ನಂಬಿಗಿ ಇಲ್ಲಂದಂಗಾತು."

"ಐತ್ರಿ. ನನ್ನ ಲೆಕ್ಕದ ಮ್ಯಾಲಿಲ್ಲ."

ಅವನು ಹೋದ ಮೇಲೆ ಭುವನೇಶ್ವರಿ ಎಳೆಗಳನ್ನು ಬಿಚ್ಚಿದಳು. ಎಸೆಯಲು ಕೈ ಎತ್ತಿ, ಎಸೆಯದೆ, ಪಾನಾ, ತಿರುಪುಳಿ ಇಡುವ ಪೆಟ್ಟಿಗೆಯ ಮೂಲೆಯಲ್ಲಿ ಸುರುಳಿ ಮಾಡಿ ಇಟ್ಟಳು. ಪಕ್ಕದ ಅಂಗಡಿಯಿಂದ ಯೂನುಸ ಕೆಮ್ಮಿದ. ಅವನಿಗೆ ನೆಗಡಿ ಇರಲಿಲ್ಲ.

*

ಗಾಲಿ ಕಟ್ಟುವ ದಿನ ಬಂತು. ಎಲ್ಲರೂ ಹೊಲಕ್ಕೆ ಬುತ್ತಿ ಒಯ್ಯುವ ಎಳ್ಳಮಾಸಿಗೆ ಇನ್ನು ಮೂರೇ ದಿನ. ಅಂದಾನಪ್ಪ ಊಟ ಮಾಡಿ ಒಳಗಿನ ಕೋಣೆಯಲ್ಲಿ ಅಡ್ಡಾಗಿದ್ದ. ಮಧ್ಯಾಹ್ನದ ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಅವಳ ಪಾದದವರೆಗೆ ಬಂದಿತ್ತು.

ಅವಳು ರಿಮ್ಮನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹಬ್ಬನ್ನು ನಡುವೆ ಹಿಡಿದು ಕಡ್ಡಿ ಪೋಣಿಸುತ್ತಿದ್ದಳು. ಮೊದಲು ಒಂದು ಬದಿಗೆ ಹತ್ತು, ಆಮೇಲೆ ಮತ್ತೊಂದು ಬದಿಗೆ ಹತ್ತು. ಹಬ್ಬನ್ನು ತುಸು ತಿರುಚಿದರೆ ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ವಾಲಿದವು, ಹೊಲದ ಜೋಳದ ಹಾಗೆ. ಇನ್ನು ಎದುರು ದಿಕ್ಕಿನವು. ಎದುರಿಗೆ ಹೋಗುವ ಪ್ರತಿ ಕಡ್ಡಿಯೂ ದಾರಿಯಲ್ಲಿ ಮೂರು ಕಡ್ಡಿ ದಾಟಬೇಕು: ಮೊದಲ ಎರಡರ ಮೇಲೆ ಹಾಯ್ದು, ಮೂರನೆಯದರ ಕೆಳಗೆ ನುಸುಳಿ ರಿಮ್ ಸೇರಬೇಕು.

ಎದುರಿಗೆ ಡಬ್ಬಿಯ ಮೇಲೆ ಕುಳಿತ ನಾಗಲಿಂಗ ಕಣ್ಣು ಕೀಳದೆ ನೋಡುತ್ತಿದ್ದ. "ಇದು ನೇಯ್ಗಿನ ಬಿಡ್ರಿ ಮಿಸ್ತ್ರಿ."

"ನೇಯ್ಗಿ ನಿಮ್ಮಂಗ ಕುಂತು ಮಾಡೂದು. ಇದು ಗಾಲಿ, ಓಡ್ತೈತಿ."

"ನಮ್ಮ ಸೀರಿನೂ ಓಡ್ತಾವ್ರಿ. ಉಟ್ಟವರು ಓಡಿದ್ರ."

ನಕ್ಕರೆ ಕಡ್ಡಿ ಜಾರುತ್ತದೆಂದು ಅವಳು ತುಟಿ ಕಚ್ಚಿಕೊಂಡಳು. ಮೂವತ್ತಾರು ಮುಗಿದವು. ನಾಲ್ಕು ಉಳಿದವು.

"ಆ ನಾಕು ನಾ ಹಾಕಲೇನ್ರಿ?"

"ಅಪ್ಪ ಹೇಳಿದ್ದು ಕೇಳೀರಲ್ಲ? ಒಂದ ಕೈ."

"ಕೇಳೇನಿ. ಅಜ್ಜನ ಸೈಕಲ್ಲು. ಅಜ್ಜ ಹತ್ತಿಸಿಕೊಂಡು ಹೋದಾಗ ಈ ಗಾಲಿ ಮ್ಯಾಲ ಕುಂತು ಸಂಗಮ ನೋಡೇನಿ ನಾ. ನಾಕು ಎಳಿ ನನ್ನ ಕೈಲೆ ಬೀಳಲಿ ಅಂತ. ಬ್ಯಾಡಂದ್ರ ಬ್ಯಾಡ್ರಿ."

ಬೇಡ ಎನ್ನಬೇಕಾಗಿತ್ತು. ಒಳಗಿಂದ ಅಪ್ಪನ ಗೊರಕೆ ಕೇಳಿಸುತ್ತಿತ್ತು. ನಾಲ್ಕೇ ಕಡ್ಡಿ. ಬಿಗಿಯುವವಳು ಹೇಗೂ ತಾನೇ. ಅವಳು ಗಾಲಿಯನ್ನು ಅವನ ಕಡೆ ಸರಿಸಿದಳು. ಸರಿಸುವಾಗ ಅವಳ ಮಸಿಗೈ ಅವನ ಮುಂಗೈಗೆ ತಾಗಿ ಅಲ್ಲಿ ಒಂದು ಕಪ್ಪು ಗೆರೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಅವಳು ಇಲ್ಲಿಯವರೆಗೆ ನೋಡಿದ ಗಂಡಸರ ಕೈಗಳೆಲ್ಲ ಹಗ್ಗ, ಹಾರೆ, ಹ್ಯಾಂಡಲ್ಲು ಹಿಡಿದ ಕೈಗಳು. ಇವನ ಬೆರಳು ಉದ್ದ. ಉಗುರಿನ ಬುಡದಲ್ಲಿ ನೀಲಿ ಬಣ್ಣ ಕುಳಿತಿತ್ತು, ತೊಳೆದರೆ ಹೋಗದಂಥದು. ಕಡ್ಡಿಯನ್ನು ಅವನು ಹಿಡಿದದ್ದು ಕಬ್ಬಿಣವೆಂದಲ್ಲ, ತುಂಡಾದರೆ ಮತ್ತೆ ಗಂಟು ಹಾಕಬೇಕಾದ ಎಳೆಯೆಂದು. ತುಟಿಯೊಳಗೆ ಏನೋ ಎಣಿಸುತ್ತಿದ್ದ. ಅವಳಿಗೆ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ. ಹುಬ್ಬು ಗಂಟಿಕ್ಕಿತ್ತು, ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಕಲೆ. ಇದು ಹೇಗಾಯಿತೆಂದು ಕೇಳಬೇಕು, ಇವತ್ತು ಬೇಡ, ಇನ್ನೊಂದು ದಿನ, ಎಂದುಕೊಂಡಳು. ಇನ್ನೊಂದು ದಿನ ಎಲ್ಲಿದೆ? ಗಾಲಿ ಮುಗಿದರೆ ಇವನು ಇಲ್ಲಿಗೆ ಯಾಕೆ ಬರುತ್ತಾನೆ?

"ಆತ್ರಿ," ಎಂದ ನಾಗಲಿಂಗ.

"ಹ್ಞಾಂ?" ಎಂದಳು ಅವಳು.

ಮರುದಿನವೆಲ್ಲ ಗಾಲಿಯ ಔಟ್ ತೆಗೆದಳು. ಸ್ಟ್ಯಾಂಡಿಗೆ ಸಿಕ್ಕಿಸಿ ತಿರುಗಿಸುವುದು. ರಿಮ್ ಎಲ್ಲಿ ಓಲಾಡುತ್ತದೆ ನೋಡಿ, ಅಲ್ಲಿನ ಕಡ್ಡಿಯ ತಿರುಪನ್ನು ಕಾಲು ಸುತ್ತು ಬಿಗಿಯುವುದು ಇಲ್ಲ ಸಡಿಲಿಸುವುದು. ಒಂದು ಜಾಗದಲ್ಲಿ ಮಾತ್ರ ಗಾಲಿ ಹಟ ಮಾಡಿತು. ಅಲ್ಲಿ ಅರ್ಧ ಸುತ್ತು ಹೆಚ್ಚು ಬಿಗಿದಳು. ಕಣ್ಣು ರಿಮ್ಮಿನ ಅಂಚಿನ ಮೇಲಿತ್ತು. ಮನಸ್ಸು ಇಳಕಲ್ಲಿನ ಯಾವುದೋ ಓಣಿಯಲ್ಲಿತ್ತು. ಸಂಜೆಗೆ ರಿಮ್ ಕೂದಲೆಳೆಯಷ್ಟೂ ಅಲುಗದೆ ತಿರುಗಿತು.

*

ಎಳ್ಳಮಾಸಿಯ ಹಿಂದಿನ ದಿನ ಮನೆಮನೆಯಲ್ಲಿ ಸಜ್ಜೆ ಕಡಬಿನ ವಾಸನೆ. ನಾಗಲಿಂಗ ಟೆಂಪೋದಲ್ಲಿ ಅಜ್ಜನ ಸೈಕಲ್ಲನ್ನು ಹಾಕಿಕೊಂಡು ಬಂದಿದ್ದ. ಉಜ್ಜಿ ಉಜ್ಜಿ ಅದರ ಕಪ್ಪುಬಣ್ಣಕ್ಕೆ ಕನ್ನಡಿಯ ಹೊಳಪು ಬಂದಿತ್ತು. ಬಗಲಲ್ಲಿ ಒಂದು ಕಾಗದದ ಪೊಟ್ಟಣ. ಯೂನುಸ ಗೋಡೆ ಅಳೆಯಲು ಟೇಪು ಹಿಡಿದುಕೊಂಡು ಬಂದವನು, ಗಾಲಿಯ ಪರೀಕ್ಷೆಯೆಂದು ತಿಳಿದು ಒಂದು ಬದಿಗೆ ನಿಂತ.

ಅಂದಾನಪ್ಪ ಸ್ಟ್ಯಾಂಡಿನ ಮುಂದೆ ಕುಳಿತ. ಗಾಲಿ ತಿರುಗಿಸಿ ರಿಮ್ಮಿನ ಅಂಚಿಗೆ ಉಗುರು ಹಿಡಿದ. ಉಗುರು ಒಂದೇ ಸಮ ಸವರಿಕೊಂಡು ಹೋಯಿತು. "ಹ್ಞೂಂ," ಎಂದ. ಆಮೇಲೆ ಗಾಲಿ ನಿಲ್ಲಿಸಿ ಒಂದೊಂದೇ ಕಡ್ಡಿಯನ್ನು ಹೆಬ್ಬೆರಳಿನಿಂದ ಮೀಟತೊಡಗಿದ. ಟಿಂಗ್. ಟಿಂಗ್. ಟಿಂಗ್. ಎಲ್ಲ ಒಂದೇ ಗಂಟಲಿನ ದನಿ. ಭುವನೇಶ್ವರಿಯ ಉಸಿರು ಅದರ ಜೊತೆ ಏರಿಳಿಯುತ್ತಿತ್ತು.

ಟಿಂಗ್. ಟಿಂಗ್. ಟಪ್.

ಅಂದಾನಪ್ಪನ ಬೆರಳು ನಿಂತಿತು. ಮತ್ತೆ ಮೀಟಿದ. ಟಪ್. ಅದರಾಚೆಯದು, ಟಪ್. ಅವನು ಕಡ್ಡಿಯ ಬುಡ ಹಿಡಿದು ಬೆರಳನ್ನು ಮೆಲ್ಲಗೆ ಮೇಲಕ್ಕೆ ಒಯ್ದ. ಒಂದನ್ನು ದಾಟಿತು, ಎರಡನ್ನು ದಾಟಿತು, ಮೂರನ್ನು ದಾಟಿತು. ಇನ್ನೊಂದು ಸಲ ಒಯ್ದ.

"ಒಂದು ಮ್ಯಾಲ, ಒಂದು ಕೆಳಗ, ಒಂದು ಮ್ಯಾಲ," ಎಂದ. "ಯವ್ವಾ, ಇದು ಗಾಲಿ ಕಟ್ಟೋರ ಕೈ ಅಲ್ಲ. ಇದು ಬಟ್ಟಿ ನೇಯೋರ ಕೈ."

ಭುವನೇಶ್ವರಿಗೆ ಆಗ ನೆನಪಾಯಿತು: ತುಟಿಯೊಳಗೆ ಅವನು ಎಣಿಸುತ್ತಿದ್ದುದು ಅದೇ. ಕಂಬಿಯಂಥ ಕಡ್ಡಿಯನ್ನು ಅವನು ಎಳೆಯೆಂದು ನಂಬಿ, ಬಗ್ಗಿಸಿ, ಸಾದಾ ನೇಯ್ಗೆ ನೇಯ್ದುಬಿಟ್ಟಿದ್ದ. ಅವಳ ಕಣ್ಣ ಮುಂದೆಯೇ.

"ನಾನ ತಪ್ಪೇನಿ ಅಪ್ಪಾ," ಎಂದಳು.

"ಇಲ್ರಿ ಕಾಕಾರ," ನಾಗಲಿಂಗ ಮುಂದೆ ಬಂದ. "ಆ ನಾಕು ನಾ ಹಾಕಿದ್ದು. ಹಟ ಮಾಡಿ ಇಸಗೊಂಡೆ. ಅವರದೇನೂ ತಪ್ಪಿಲ್ಲ. ಅಂಗಡಿ ಅವರ ಕೈ ತಪ್ಪಿಸಬ್ಯಾಡ್ರಿ."

"ನಿನ್ನ ಕೇಳಿಲ್ಲ ತಮ್ಮಾ, ನಿಂದರು." ಅಂದಾನಪ್ಪ ಮಗಳ ಆಕಾರದ ಕಡೆ ಮುಖ ತಿರುಗಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯವಾಯಿತು. "ಅಂವಗ ತಿಳೀದು. ನಿನಗ ತಿಳೀತೈತಿ. ಅಂವ ಹಂಗ ಹಾಕಾಕತ್ತಾಗ ನೀ ಯಾಕ ಹಿಡೀಲಿಲ್ಲ?"

"ನೋಡಲಿಲ್ಲ."

"ಎದುರಿಗೆ ಕುಂತಿದ್ದಿಲ್ಲ?"

"ಕುಂತಿದ್ದೆ. ಕಡ್ಡಿ ನೋಡಲಿಲ್ಲ."

"ಮತ್ತೇನು ನೋಡಾಕತ್ತಿದ್ದಿ?"

ಭುವನೇಶ್ವರಿ ನೆಲ ನೋಡಿದಳು. ಅಂದಾನಪ್ಪನ ಮೊಣಕೈ ತಾಗಿ ಗಾಲಿ ಮೆಲ್ಲಗೆ ತಿರುಗತೊಡಗಿತು. ಟಿಕ್. ಟಿಕ್. ಟಿಕ್. ನಾಗಲಿಂಗನ ಎರಡೂ ಕಿವಿ ಮೊದಲ ದಿನದಂತೆ ಕೆಂಪಾದವು. ಅವನು ಅವಳನ್ನು ನೋಡಿದ. ಅವಳು ಒಂದು ಗಳಿಗೆ ತಲೆ ಎತ್ತಿ ನೋಡಿ ಮತ್ತೆ ನೆಲಕ್ಕೆ ಇಳಿದಳು. ಹೇಳುವುದೆಲ್ಲ ಅಷ್ಟರಲ್ಲಿ ಹೇಳಿ ಮುಗಿದಿತ್ತು.

ಯೂನುಸನ ಟೇಪು ಸರ್ರೆಂದು ಡಬ್ಬಿಯೊಳಗೆ ಸರಿಯಿತು. "ಕಾಕಾ," ಎಂದ ಅವನು, ನಗು ನುಂಗಿಕೊಂಡು, "ನಾ ಗ್ವಾಡಿ ಆಮ್ಯಾಲ ಅಳೀತೇನಿ. ಇಲ್ಲಿ ಬ್ಯಾರೇನ ಅಳತಿ ನಡದೈತಿ."

"ಆಮ್ಯಾಲೂ ಬ್ಯಾಡೋ ಯೂನುಸ. ಇನ್ನೊಂದು ಕಡೆ ಜಾಗಾ ನೋಡು, ನಾನೂ ಕೂಡಿ ಹುಡುಕತೇನಿ." ಅಂದಾನಪ್ಪ ಗಾಲಿಯನ್ನು ಹಿಡಿದು ನಿಲ್ಲಿಸಿದ. "ಮೂವತ್ತಾರು ಕಡ್ಡಿ ಮಾತಾಡಿದ್ದು ಕೇಳೇನಿ ನಾ. ನನ್ನ ಕೈಲೆ ಹಂಗ ಎಂದೂ ಮಾತಾಡಿದ್ದಿಲ್ಲ. ಆ ನಾಕು ಬಿಚ್ಚು. ಸೊಟ್ಟಾಗಿರ್ತಾವು, ಹೊಸಾವು ಹಾಕು. ಅದಾವೇನು?"

"ಅದಾವು," ಎಂದಳು ಅವಳು. ಹೆಚ್ಚಿಗೆ ತಂದ ನಾಲ್ಕು ಕಡ್ಡಿ ಪೆಟ್ಟಿಗೆಯಲ್ಲಿ, ಕೆಂಪು ರೇಶಿಮೆಯ ಸುರುಳಿಯ ಪಕ್ಕದಲ್ಲೇ ಇದ್ದವು.

"ಮತ್ತ ನೀ, ತಮ್ಮಾ."

"ರೀ ಕಾಕಾರ?"

"ಇನ್ನ ಮ್ಯಾಲ ಈ ಅಂಗಡಿಗಿ ಬಂದ್ರ ಕೈ ಹಿಂದ ಕಟಗೊಂಡು ಕುಂಡ್ರಬೇಕು."

ಇನ್ನು ಮೇಲೆ ಎಂದ ಎಂಬುದು ಇಬ್ಬರಿಗೂ ಕೇಳಿಸಿತು. ನಾಗಲಿಂಗ ಅಲ್ಲೇ, ಆಗಲೇ, ಕೈ ಹಿಂದೆ ಕಟ್ಟಿಕೊಂಡ.

ಅವಳು ಬಿಚ್ಚಿದಳು, ಪೋಣಿಸಿದಳು. ಎರಡರ ಮೇಲೆ, ಮೂರನೆಯದರ ಕೆಳಗೆ. ಬಿಗಿದಳು. ಅಂದಾನಪ್ಪ ಮೀಟಿದ. ಟಿಂಗ್, ಟಿಂಗ್, ಟಿಂಗ್, ಟಿಂಗ್. ನಲವತ್ತೂ ಒಂದೇ ದನಿ. ಅವನು ಪಾನಾದ ಪೆಟ್ಟಿಗೆಯನ್ನು ತನ್ನ ಕಡೆಯಿಂದ ಅವಳ ಕಡೆಗೆ ತಳ್ಳಿ, ಮಫ್ಲರು ಸುತ್ತಿಕೊಂಡು ಬಿಸಿಲಿನ ಬೆಂಚಿಗೆ ಹೋದ.

*

ಗಾಲಿ ಸೈಕಲ್ಲಿಗೆ ಕೂತಿತು. ಗೇರಿನ ತಂತಿಗೆ ಪುಟ್ಟ ಸರಪಳಿ ಸಿಕ್ಕಿಸಿ ಭುವನೇಶ್ವರಿ ಎದ್ದು ನಿಂತಳು. ಒಳಗೆ ಹೋಗಿ ಹಳೆಯ ತುಕ್ಕಿನ ಹಬ್ಬೊಂದನ್ನು ತಂದು ಅವನ ಮುಂದೆ ಹಿಡಿದಳು. ಹಳೆಯ ಟ್ಯೂಬಿನ ರಬ್ಬರು ಸುತ್ತಿ, ಹಗ್ಗ ಕಟ್ಟಲು ಕೊಂಡಿ ಮಾಡಿದ್ದಳು.

"ಮಗ್ಗಕ್ಕ. ತೂಕಾ ಮಾಡಿ ನೋಡೇನಿ, ನಿಮ್ಮದರಷ್ಟ ಐತಿ. ಕಲ್ಲು ತಗದು ಒಗೀರಿ."

ನಾಗಲಿಂಗ ಅದನ್ನು ತೆಗೆದುಕೊಂಡು, ಬಗಲಿನ ಪೊಟ್ಟಣವನ್ನು ಅವಳ ಕೈಗಿಟ್ಟ. ಕೈಗೆ ಮಸಿಯಿದೆಯೆಂದು ಅವಳು ಹಿಂದೆ ಸರಿದರೂ ಬಿಡಲಿಲ್ಲ. ಕಡುನೀಲಿ ಸೀರೆ, ಕೆಂಪು ಸೆರಗು. ಅವನೇ ಮಡಿಕೆ ಬಿಚ್ಚಿ ಒಂದು ಕಡೆ ಬೆರಳಿಟ್ಟ. ಬೆಳಕಿಗೆ ಹಿಡಿದಾಗ ಕಂಡಿತು: ಅಲ್ಲಿಯವರೆಗೆ ಒತ್ತಾಗಿದ್ದ ನೇಯ್ಗೆ, ಅಲ್ಲಿಂದ ಮುಂದೆ ನಾಲ್ಕು ಬೆರಳಗಲ ತುಸು ಸಡಿಲ, ಅಡ್ಡ ಗೆರೆಯ ಹಾಗೆ.

"ಇದೇನ್ರಿ?"

"ಹಬ್ ಬಿಚ್ಚಿ ಇಲ್ಲಿಗೆ ಬಂದ ದಿನಾ. ಇಲ್ಲಿತನಾ ಹಬ್ಬಿನ ಭಾರ. ಇಲ್ಲಿಂದ ಕಲ್ಲು, ಅದಕ್ಕ ಇನ್ನೊಂದು ಕೂಡಿಸೂತನಾ ಸಡಲು."

"ತಪ್ಪಿದ ಸೀರಿ ಕೊಡಾಕ ಬಂದೀರಿ ನನಗ?"

"ಮಾರಾಕ ಬರೂದಿಲ್ಲ." ಅವನು ಸ್ವಲ್ಪ ಹೊತ್ತು ಸೀರೆಯನ್ನೇ ನೋಡಿದ. ಆಮೇಲೆ ಅವಳನ್ನು ನೋಡಿದ, ನೇರವಾಗಿ. "ನಿಮ್ಮ ಗಾಲ್ಯಾಗ ನನ್ನ ತಪ್ಪಿತ್ತು. ಬಿಚ್ಚಿ ತಗದ್ರಿ. ನನ್ನ ಬಟ್ಟ್ಯಾಗ ನೀವು ಬಂದೀರಿ. ಇದನ್ನ ಬಿಚ್ಚಾಕ ಬರೂದಿಲ್ಲ, ಭುವನಾ. ಬಂದ್ರೂ ನಾ ಬಿಚ್ಚಾಂವ ಅಲ್ಲ."

ಮಿಸ್ತ್ರಿ ಎನ್ನದೆ ಅವನು ಹೆಸರು ಹಿಡಿದದ್ದು ಅದೇ ಮೊದಲು. ಅವಳು ಆ ಸಡಿಲ ಗೆರೆಯ ಮೇಲೆ ಬೆರಳಾಡಿಸಿದಳು. ಅಲ್ಲೊಂದು ಸಣ್ಣ ಮಸಿಯ ಗುರುತು ಬಿತ್ತು.

"ಹಾಳಾತು," ಎಂದಳು ಗಾಬರಿಯಾಗಿ.

"ಈಗ ಪೂರಾ ಆತು," ಎಂದ ಅವನು.

ಬೆಂಚಿನ ಮೇಲಿಂದ ಅಂದಾನಪ್ಪ ಕೂಗಿದ: "ಯವ್ವಾ, ಗಾಲಿ ಕಟ್ಟಿದ ಕೂಲಿ ಇಸಗೊಂಡೇನು?"

"ಸೀರಿ ಕೊಟ್ಟಾರಪ್ಪಾ."

"ಸೀರಿ, ನೀ ಮಗ್ಗಕ್ಕ ಕೊಟ್ಟ ಹಬ್ಬಿಗಾತು. ಕೂಲಿ?"

ಭುವನೇಶ್ವರಿ ಸೀರೆಯನ್ನು ಮಡಚಿ ಎದೆಗೆ ಹಿಡಿದುಕೊಂಡಳು, ಮೊದಲ ದಿನ ಅವನು ಹಬ್ಬನ್ನು ಹಿಡಿದುಕೊಂಡಿದ್ದ ಹಾಗೆ. "ಬಾಕಿ ಇರ್ಲಿ," ಎಂದಳು. ಆಮೇಲೆ ಅವನಿಗಷ್ಟೇ ಕೇಳುವಂತೆ: "ನಾಳೆ ಎಳ್ಳಮಾಸಿ, ನಮ್ಮ ಹೊಲಕ್ಕ ಉಣ್ಣಾಕ ಬರ್ರಿ. ಬಾಕಿದಾರರು ಕಣ್ಮುಂದ ಇರಬೇಕು. ಹುಬ್ಬಿನ ಮ್ಯಾಲಿನ ಗಾಯ ಹೆಂಗಾತು ಅಂತನೂ ಹೇಳಬೇಕು."

"ಅವ್ವನ್ನ ಕರಕೊಂಡು ಬರಲೇನು?"

"ಆ ಹಸರು ಸೀರಿ ಉಟ್ಟ ಬರಾಕ ಹೇಳ್ರಿ."

ನಾಗಲಿಂಗ ಹಬ್ಬನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ಸೈಕಲ್ ಹತ್ತಿ ಇಳಕಲ್ಲಿನ ರಸ್ತೆ ಹಿಡಿದ. ರಸ್ತೆಯ ಎರಡೂ ಬದಿಗೆ ಜೋಳ ಹೆಗಲೆತ್ತರ ನಿಂತಿತ್ತು. ಭುವನೇಶ್ವರಿ ಹೊಸ್ತಿಲಲ್ಲಿ ನಿಂತು ನೋಡಿದಳು. ಗಾಲಿ ಒಂದಿಷ್ಟೂ ಓಲಾಡದೆ ಹೋಗುತ್ತಿತ್ತು. ಸೈಕಲ್ ಮಾತ್ರ ಎತ್ತಿನಗಾಡಿಗಿಂತ ನಿಧಾನವಾಗಿತ್ತು. ಕಾಲು ಪುರುಸೊತ್ತಿಲ್ಲದೆ ತುಳಿಯುತ್ತಿದ್ದವು, ದಾರಿ ಸರಿಯುತ್ತಿರಲಿಲ್ಲ.

ಅಂದಾನಪ್ಪ ಕಿವಿಯಿಂದ ಮಫ್ಲರು ಸರಿಸಿ ಆಲಿಸಿದ. ಹುಬ್ಬು ಗಂಟಿಕ್ಕಿದ.

"ಟಿಕ್ ಟಿಕ್ ಕೇಳವಲ್ದಲ್ಲ. ಒಂದನೇ ಗೇರು ಹಾಕ್ಯಾನ. ಯವ್ವಾ, ರಸ್ತಾ ಸಪಾಟ ಐತಿ, ದಿಬ್ಬಿಲ್ಲ ದಿನ್ನಿಲ್ಲ. ಒಂದನೇ ಗೇರಿನ್ಯಾಗ ಯಾಕ ಹೊಂಟಾನಂವ?"

"ಹೊಸಾ ಗಾಲಿ ಅಲ್ಲಪ್ಪಾ," ಎಂದಳು ಭುವನೇಶ್ವರಿ, ರಸ್ತೆಯಿಂದ ಕಣ್ಣು ತೆಗೆಯದೆ. "ಸಾವಕಾಶ ಹೋಗಲಿ ಬಿಡು."